ಸೀಸೆಯಣ್ಣನ ಬೆರಳ ಪಾಠ

ಕಲ್ಲು ಪರೀಕ್ಷೆ ಮಾಡುವ ಆ ಲ್ಯಾಬಿನಲ್ಲಿ ಅವನ ನಿಜವಾದ ಹೆಸರು ಹಾಜರಿ ಪುಸ್ತಕಕ್ಕೆ ಮಾತ್ರ ಗೊತ್ತಿತ್ತು. ಎಲ್ಲರ ಬಾಯಲ್ಲೂ ಅವನು ಸೀಸೆಯಣ್ಣ. ಇಪ್ಪತ್ತಾರು ವರ್ಷ ಆಸಿಡ್ ಸೀಸೆಗಳ ಜೊತೆ ಸಂಸಾರ ಮಾಡಿದವನಿಗೆ ಇನ್ಯಾವ ಹೆಸರು ಒಪ್ಪೀತು? ಸಿಟ್ಟು ಬಂದಾಗ ಹೆಂಡತಿಯೂ, "ಹೋಗಿ, ಆ ಸೀಸೆಗಳ ಹತ್ರಾನೇ ಇರಿ" ಎಂದು ಗೊಣಗುತ್ತಿದ್ದಳು.

ಅವನು ಹುಟ್ಟಾ ಪುಕ್ಕಲ. ಬೀಗ ಹಾಕಿದ ಮೇಲೆ ಎರಡು ಸಲ ಎಳೆದು ನೋಡುತ್ತಿದ್ದ, ನಲ್ಲಿ ನಿಲ್ಲಿಸಿದ ಮೇಲೆ ಮೂರು ಸಲ. ಮನೆಗೆ ಹೋಗುವ ಬಸ್ಸು ಹತ್ತಿದವನು ಮುಂದಿನ ಸ್ಟಾಪಿನಲ್ಲಿ ಇಳಿದು ವಾಪಸ್ ಬಂದದ್ದೂ ಉಂಟು. ನಗುವವರು ನಕ್ಕರು. ಆದರೆ ಆಸಿಡ್ ಕೋಣೆಗೆ ಇಂಥವರೇ ಬೇಕು. ಎದೆಗಾರರನ್ನು ಬಾಗಿಲಾಚೆ ನಿಲ್ಲಿಸುವುದೇ ಕ್ಷೇಮ. ಇಪ್ಪತ್ತಾರು ವರ್ಷದಲ್ಲಿ ಅವನ ಕೋಣೆಯಿಂದ ಒಬ್ಬರೂ ಆಸ್ಪತ್ರೆಗೆ ಹೋಗಿರಲಿಲ್ಲ.

ಹೊಸದಾಗಿ ಕೆಲಸಕ್ಕೆ ಸೇರಿದವರೆಲ್ಲ ಮೊದಲು ಅವನ ಕೈಕೆಳಗೇ ಪಳಗಬೇಕು. ನೀರಿಗೆ ಆಸಿಡ್ ಹಾಕಬೇಕು, ಆಸಿಡ್‌ಗೆ ನೀರು ಹಾಕಬಾರದು. ಸೀಸೆಯನ್ನು ಕತ್ತು ಹಿಡಿದು ಎತ್ತಬಾರದು, ತಳಕ್ಕೆ ಕೈಕೊಟ್ಟು ಎತ್ತಬೇಕು. ಇದೆಲ್ಲ ಗೋಡೆಯ ಮೇಲಿನ ಪಟ್ಟಿಯಲ್ಲೂ ಇತ್ತು. ಪಟ್ಟಿಯಲ್ಲಿ ಇಲ್ಲದ್ದು ಬೆರಳ ಪಾಠ. ಮೇಜಿನ ಮೇಲೆ ಒಂದು ಹನಿ ಬಿದ್ದಿದೆ. ನೀರೋ ಆಸಿಡ್ಡೋ ಕಣ್ಣಿಗೆ ತಿಳಿಯುವುದಿಲ್ಲ. ಆಗ ತೋರುಬೆರಳ ತುದಿಯನ್ನು ಹನಿಗೆ ತಾಗಿಸಿ, ಹೆಬ್ಬೆರಳಿಗೆ ಒಮ್ಮೆ ಉಜ್ಜಬೇಕು. ಜಾರಿದರೆ, ಚುರುಕ್ ಎಂದರೆ, ನಲ್ಲಿಯ ಕಡೆ ಓಡಬೇಕು. ಏನೂ ಆಗದಿದ್ದರೆ ಬಟ್ಟೆಯಲ್ಲಿ ಒರೆಸಿದರಾಯಿತು. "ಯಾರು ಸುಳ್ಳು ಹೇಳಿದ್ರೂ ಚರ್ಮ ಸುಳ್ಳು ಹೇಳಲ್ಲ ಕಣಮ್ಮ" ಎಂದು ಅವನು ನಗುತ್ತಿದ್ದ. ಅದು ಅವನಿಗೆ ಅವನ ಗುರು ಕಲಿಸಿದ್ದು. ಅಷ್ಟು ಪುಕ್ಕಲ ಮನುಷ್ಯ ಇದೊಂದಕ್ಕೆ ಹೇಗೆ ಹೆದರಲಿಲ್ಲವೋ! ಅಭ್ಯಾಸ ಆದದ್ದಕ್ಕೆ ಯಾರೂ ಹೆದರುವುದಿಲ್ಲ.

ಆ ವರ್ಷ ಲ್ಯಾಬಿಗೆ ಹೈಡ್ರೋಫ್ಲೋರಿಕ್ ಆಸಿಡ್ ಬಂತು. ಗಟ್ಟಿ ಕಲ್ಲಿನ ಪುಡಿಯನ್ನೂ ಕರಗಿಸುವ ಆಸಿಡ್. ಗಾಜನ್ನೇ ತಿನ್ನುವುದರಿಂದ ಅದು ಪ್ಲಾಸ್ಟಿಕ್ ಬಾಟಲಿಯಲ್ಲಿ ಬರುತ್ತದೆ. ಅದರ ಜೊತೆ ಬಂದ ಕಾಗದ ಓದಿ ಸೀಸೆಯಣ್ಣನಿಗೆ ಎರಡು ದಿನ ಊಟ ಸೇರಲಿಲ್ಲ. ಮೈಮೇಲೆ ಬಿದ್ದರೆ ತಕ್ಷಣ ಉರಿಯದೆ ಇರಬಹುದು. ಚರ್ಮ ದಾಟಿ ಒಳಗಿಳಿಯುತ್ತದೆ. ಗಂಟೆಗಳ ಮೇಲೆ ನೋವು ಶುರುವಾದಾಗ ಅದು ಮೂಳೆಯವರೆಗೂ ಹೋಗಿರಬಹುದು. ರಕ್ತದ ಕ್ಯಾಲ್ಸಿಯಂ ಹೀರಿ ಹೃದಯವೂ ತಡವರಿಸುವಂತೆ ಮಾಡಬಹುದು. ಅವನು ದಪ್ಪ ಗ್ಲೌಸು, ಮುಖದ ಪರದೆ ತರಿಸಿದ. ಗಾಯಕ್ಕೆ ಹಚ್ಚುವ ಕ್ಯಾಲ್ಸಿಯಂ ಜೆಲ್ಲಿನ ಟ್ಯೂಬುಗಳನ್ನು ಬಾಗಿಲ ಪಕ್ಕವೇ ಇಟ್ಟ. ಒಬ್ಬರೇ ಆ ಬಾಟಲಿ ಮುಟ್ಟಕೂಡದು ಎಂದು ಎಲ್ಲರನ್ನೂ ನಿಲ್ಲಿಸಿ ಬೆಳಗಿಂದ ಮಧ್ಯಾಹ್ನದವರೆಗೆ ತಲೆ ತಿಂದ. ಬೆರಳ ಪಾಠವನ್ನು ಮಾತ್ರ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಅದೂ ಒಂದು ಪಾಠ ಎಂಬುದೇ ಅವನಿಗೆ ಹೊಳೆಯಲಿಲ್ಲ.

ಶನಿವಾರ ಅರ್ಧ ದಿನ. ಒಂದು ಗಂಟೆಗೆ ಎಲ್ಲರೂ ಹೋದ ಮೇಲೆ ಅವನು ಎಂದಿನಂತೆ ಬೀಗದ ಸುತ್ತು ಹೊರಟ. ಹೊಗೆ ಹೀರುವ ಗೂಡಿನ ಪಕ್ಕದ ಬರೆಯುವ ಮೇಜಿಗೆ ಗಾಜು ಹಾಸಿತ್ತು. ಅದರ ಮೇಲೆ ಕಾಳಿನಷ್ಟು ಜಾಗ ಮಸುಕಾಗಿತ್ತು. ಬಟ್ಟೆಯಿಂದ ಉಜ್ಜಿದ, ಹೋಗಲಿಲ್ಲ. ಬಗ್ಗಿ ನೋಡಿದ. ಆ ಮಸುಕಿನಿಂದ ಬೆರಳಗಲದ ಗೀರೊಂದು ಪಕ್ಕಕ್ಕೆ ಎಳೆದಂತಿತ್ತು. ಯಾರೋ ಬೆರಳು ತಾಗಿಸಿ ನೋಡಿದ್ದರು. ಗಾಜು ತಿಂದ ಹನಿಯನ್ನು.

ಅವನು ಬಟ್ಟೆಯನ್ನು ಅಲ್ಲೇ ಬಿಟ್ಟ. ರಿಜಿಸ್ಟರ್ ತೆಗೆದ. ಬೆಳಿಗ್ಗೆ ಹತ್ತೂಕಾಲಿಗೆ ಆ ಬಾಟಲಿ ತೆರೆದವಳು ಗುಬ್ಬಿ. ನಾಲ್ಕು ತಿಂಗಳ ಹಿಂದೆ ಸೇರಿದ ಹುಡುಗಿ. ಪುಟ್ಟ ಆಳು, ಚುರುಕು ಕೈ, ಅದಕ್ಕೇ ಆ ಅಡ್ಡಹೆಸರು. ಜೊತೆಗೆ ನಿಂತಿದ್ದವನು ಅವನೇ. ಕೆಲಸ ಮುಗಿಯುವವರೆಗೂ ಕಣ್ಣು ಕೀಳದೆ ನೋಡಿದ್ದ. ಆಮೇಲೆ ಬಾಟಲಿಯನ್ನು ಕಪಾಟಿಗೆ ಇಡಲು ಹೋದದ್ದು ಎರಡೇ ನಿಮಿಷ. ಅವಳು ರಿಜಿಸ್ಟರ್ ಬರೆಯಲು ಗ್ಲೌಸು ಬಿಚ್ಚಿದ್ದು ಆಗಲೇ ಇರಬೇಕು.

ಫೋನು ಮಾಡಿದ. ಎತ್ತಲಿಲ್ಲ. ಮತ್ತೆ ಮಾಡಿದ. ಗಡಿಯಾರದಲ್ಲಿ ಒಂದೂ ಮುಕ್ಕಾಲು. ಹತ್ತೂಕಾಲಿನಿಂದ ಲೆಕ್ಕ ಹಾಕಿದರೆ ಮೂರೂವರೆ ಗಂಟೆ. ಜೆಲ್ಲಿನ ಟ್ಯೂಬುಗಳನ್ನೂ ಆ ಕಾಗದವನ್ನೂ ಚೀಲಕ್ಕೆ ತುರುಕಿಕೊಂಡು ಹೊರಗೆ ಓಡಿದ. ಲ್ಯಾಬಿನ ಡ್ರೈವರು ಜೀಪಿನೊಳಗೆ ಊಟದ ಡಬ್ಬಿ ಬಿಚ್ಚುತ್ತಿದ್ದ.

"ಗುಬ್ಬಿ ಮನೆಗೆ ಹೋಗ್ಬೇಕು. ಈಗಲೇ."

"ಒಂದು ತುತ್ತು ತಿಂದು..."

"ಆಮೇಲೆ ತಿನ್ನೋಣಪ್ಪ, ನಿನ್ನ ಕಾಲಿಗೆ ಬೀಳ್ತೀನಿ."

ಡ್ರೈವರು ಡಬ್ಬಿ ಮುಚ್ಚಿದ. ದಾರಿಯುದ್ದಕ್ಕೂ ಸೀಸೆಯಣ್ಣ ಸಿಕ್ಕ ಸಿಕ್ಕ ದೇವರಿಗೆಲ್ಲ ಹರಕೆ ಹೊತ್ತ. ಬೇರೆ ಯಾರದೋ ಬೆರಳಾಗಿರಲಿ ಎಂದುಕೊಂಡ, ಹಾಗೆ ಅಂದುಕೊಂಡದ್ದಕ್ಕೆ ನಾಚಿದ. ಪ್ರತಿ ಸಿಗ್ನಲ್ಲೂ ಅವನ ಮೇಲೇ ಹಗೆ ಸಾಧಿಸುವಂತೆ ಕೆಂಪಾಗುತ್ತಿತ್ತು.

ಬಾಗಿಲು ತೆಗೆದವರು ಅವಳ ಅಮ್ಮ. ಕೊರಳಲ್ಲಿ ಅಳತೆ ಟೇಪು. ಮನೆಯಲ್ಲೇ ಬಟ್ಟೆ ಹೊಲಿಯುವ ಹೆಂಗಸು. "ಬನ್ನಿ ಅಣ್ಣ. ಊಟಕ್ಕೂ ಏಳ್ತಿಲ್ಲ ಇವಳು. ಬೆರಳು ನೋವು ಅಂತಾಳೆ, ನೋಡಿದ್ರೆ ಒಂದು ಗೀರೂ ಇಲ್ಲ" ಎಂದರು. ಒಳಗೆ ಗುಬ್ಬಿ ಗೋಡೆಗೆ ಒರಗಿ ಕೂತು ಕೈಯನ್ನು ತಣ್ಣೀರಿನ ಪಾತ್ರೆಯಲ್ಲಿ ಮುಳುಗಿಸಿದ್ದಳು. ಮುಖ ಬಿಳಿಚಿತ್ತು.

"ನೀರು ಅಂದ್ಕೊಂಡೆ ಅಣ್ಣ" ಎಂದಳು ಅವಳು, ಅವನು ಕೇಳುವ ಮೊದಲೇ. "ಏನೂ ಉರೀಲಿಲ್ಲ. ಈಗ ಒಳಗಿಂದ ಸುತ್ತಿಗೇಲಿ ಹೊಡೆದ ಹಾಗಿದೆ."

ಎರಡು ಬೆರಳ ತುದಿಗಳೂ ಬೂದಿ ಬಿಳಿ ಬಣ್ಣಕ್ಕೆ ತಿರುಗಿದ್ದವು. ಅವನು ಗ್ಲೌಸು ಹಾಕಿಕೊಂಡು ಜೆಲ್ ಹಿಂಡಿ ಉಜ್ಜಿದ. ಇನ್ನೊಂದು ಗ್ಲೌಸಿನೊಳಗೆ ಇಡೀ ಟ್ಯೂಬು ಹಿಂಡಿ ಅವಳ ಕೈಗೆ ತೊಡಿಸಿದ. ಅವಳು ಹಲ್ಲು ಕಚ್ಚಿ ಅಳುತ್ತಿದ್ದಳು; ಅಮ್ಮ ಏನು, ಏನು ಎಂದು ಕೇಳುತ್ತಲೇ ಇದ್ದರು. ಅವನು ಇಬ್ಬರನ್ನೂ ಜೀಪಿಗೆ ಹತ್ತಿಸಿ ಆಸ್ಪತ್ರೆಗೆ ಕರೆದೊಯ್ದ.

ಆಸ್ಪತ್ರೆಯ ಡಾಕ್ಟರಮ್ಮ ಚಿಕ್ಕ ವಯಸ್ಸಿನವರು. ಇಂಥ ಗಾಯ ನೋಡಿರಲಿಲ್ಲ, ನೋಡಿಲ್ಲ ಎಂದು ಒಪ್ಪಿಕೊಂಡರು. ಅಷ್ಟರಿಂದಲೇ ಸೀಸೆಯಣ್ಣನಿಗೆ ಅವರ ಮೇಲೆ ನಂಬಿಕೆ ಬಂತು. ಅವನು ತಂದ ಕಾಗದವನ್ನು ನಿಂತಲ್ಲೇ ಎರಡು ಸಲ ಓದಿ, ದೊಡ್ಡ ಡಾಕ್ಟರಿಗೆ ಫೋನು ಮಾಡಿ, ಬೆರಳಿಗೆ ಕ್ಯಾಲ್ಸಿಯಂ ಇಂಜೆಕ್ಷನ್ ಕೊಟ್ಟರು. ಹೃದಯ ನೋಡಲು ಎದೆಗೆ ವೈರು ಅಂಟಿಸಿದರು. ಸೀಸೆಯಣ್ಣ ಮಾನಿಟರಿನ ಗೆರೆಯನ್ನೇ ನೋಡುತ್ತ ನಿಂತ. ಅದು ಏರಿ ಇಳಿಯುವಾಗೆಲ್ಲ ಅವನ ಉಸಿರೂ ಜೊತೆಗೇ ಹೋಗಿ ಬರುತ್ತಿತ್ತು.

ನೋವು ಸ್ವಲ್ಪ ಇಳಿದ ಮೇಲೆ ಡಾಕ್ಟರಮ್ಮ ಕೇಳಿದರು: "ಇಂಥ ಆಸಿಡ್ ಬರಿಗೈಗೆ ಹೇಗೆ ತಾಗ್ತು? ಬರ್ಕೋಬೇಕು."

ಗುಬ್ಬಿ ಒಮ್ಮೆ ಅವನ ಮುಖ ನೋಡಿದಳು. "ಗ್ಲೌಸು ತೂತಾಗಿತ್ತು ಅನ್ಸುತ್ತೆ" ಎಂದಳು.

ಅವಳ ಅಮ್ಮ, "ಥೂ, ಎಂಥ ಗ್ಲೌಸು ಕೊಡ್ತಾರೆ ಇವರು!" ಎಂದು ಕಿಡಿಕಾರಿದರು. ಡಾಕ್ಟರಮ್ಮ ಬರೆದುಕೊಳ್ಳತೊಡಗಿದರು. ಸುಮ್ಮನಿದ್ದರೆ ಮುಗಿಯಿತು. ಇಪ್ಪತ್ತಾರು ವರ್ಷದ ಹೆಸರಿಗೆ ಒಂದು ಮಸಿಯೂ ಹತ್ತುತ್ತಿರಲಿಲ್ಲ. ಆ ಆಸೆ ಒಂದು ಗಳಿಗೆ ಅವನನ್ನೂ ಹಿಡಿಯಿತು ಎಂಬುದನ್ನು ಮುಚ್ಚಿಡುವುದೇಕೆ?

"ಗ್ಲೌಸು ಸರಿಯಾಗೇ ಇತ್ತು ಡಾಕ್ಟ್ರೇ" ಎಂದ ಅವನು. "ಹನಿ ಕಂಡ್ರೆ ಬೆರಳಲ್ಲಿ ಮುಟ್ಟಿ ನೋಡು ಅಂತ ಕಲಿಸಿದವನು ನಾನು. ಅವಳು ಹೇಳಿದ ಹಾಗೆ ಮಾಡಿದಾಳೆ ಅಷ್ಟೇ."

ಡಾಕ್ಟರಮ್ಮ ಬರೆದದ್ದನ್ನು ಹೊಡೆದು ಹಾಕಿದರು. ಅವಳ ಅಮ್ಮ ಅವನನ್ನೇ ದಿಟ್ಟಿಸಿ ನೋಡಿದರು. ಕೊನೆಗೆ, "ನೀವಿದೀರ ಅಂತ ನಿಶ್ಚಿಂತೆಯಿಂದ ಕಳಿಸ್ತಿದ್ದೆ" ಎಂದರು. ಬೈದಿದ್ದರೆ ಅವನು ತಡೆದುಕೊಳ್ಳುತ್ತಿದ್ದ.

ಮರುದಿನ ಬೆಳಿಗ್ಗೆ ಡಾಕ್ಟರಮ್ಮ ಬೆರಳು ಉಳಿಯುತ್ತದೆ, ಒಂದು ಉಗುರು ಹೋಗುತ್ತದೆ ಎಂದರು. ಸೀಸೆಯಣ್ಣ ವರಾಂಡದ ಬೆಂಚಿನ ಮೇಲೆ ಕೂತು ಮುಖ ಮುಚ್ಚಿಕೊಂಡು ಅತ್ತ. ಅತ್ತು ಮುಗಿದ ಮೇಲೆ ಇನ್ನೊಂದು ಯೋಚನೆ ಬಂತು. ಗುಬ್ಬಿಗಿಂತ ಮೊದಲು ಎಷ್ಟು ಜನ ಅವನ ಕೈಕೆಳಗೆ ಪಳಗಿಲ್ಲ? ಅವರೆಲ್ಲ ಈಗ ಎಲ್ಲೆಲ್ಲಿ, ಎಂಥೆಂಥ ಬಾಟಲಿಗಳ ಮುಂದೆ ನಿಂತಿದ್ದಾರೋ! ಅವನು ಚೀಟಿಯೊಂದರಲ್ಲಿ ಹೆಸರು ಬರೆಯುತ್ತ ಹೋದ. ನಲವತ್ತೊಂದು ಆಯಿತು. ಒಬ್ಬೊಬ್ಬರಿಗೇ ಫೋನು ಮಾಡಲು ಶುರುಮಾಡಿದ.

ಕೆಲವರು ಆ ಕೆಲಸವನ್ನೇ ಬಿಟ್ಟಿದ್ದರು. ಕೆಲವರು, "ಅದನ್ನ ಯಾವತ್ತೋ ಮರೆತೆ ಅಣ್ಣ" ಎಂದು ನಕ್ಕರು. ಒಬ್ಬೊಬ್ಬರ ಹೆಸರಿಗೂ ಗೀಟು ಹಾಕುವಾಗ ಎದೆಯ ಭಾರ ಒಂದಿಷ್ಟು ಇಳಿಯುತ್ತಿತ್ತು. ಒಂಬತ್ತನೆಯವಳು ಸೋಡಾಬುಡ್ಡಿ ಎಂದು ಅವನೇ ರೇಗಿಸುತ್ತಿದ್ದ ದಪ್ಪ ಕನ್ನಡಕದ ಹುಡುಗಿ. ಈಗ ಕಾಲೇಜೊಂದರಲ್ಲಿ ಕೆಮಿಸ್ಟ್ರಿ ಟೀಚರು.

"ನಾನು ಕಲಿಸಿದ ಆ ಬೆರಳ ಪಾಠ ಇದೆಯಲ್ಲಮ್ಮ, ಅದನ್ನ..."

"ಅದನ್ನ ಮರೀತೀನಾ ಅಣ್ಣ!" ಅವಳ ದನಿಯಲ್ಲಿ ಸಂತೋಷ ಉಕ್ಕುತ್ತಿತ್ತು. "ಪ್ರತಿ ವರ್ಷ ಹೊಸ ಬ್ಯಾಚಿಗೆ ಮೊದಲನೇ ದಿನಾನೇ ಕಲಿಸ್ತೀನಿ. ನಿಮ್ಮ ಹೆಸರು ಹೇಳೇ ಕಲಿಸ್ತೀನಿ."

"ಎಷ್ಟು ವರ್ಷದಿಂದ?"

"ಹನ್ನೊಂದು."

"ಬ್ಯಾಚಿಗೆ ಎಷ್ಟು ಮಕ್ಕಳು?"

"ಅರವತ್ತು ಇರ್ತಾರೆ. ಯಾಕಣ್ಣ? ಏನಾಯ್ತು?"

ಸೀಸೆಯಣ್ಣ ಕೈಯಲ್ಲಿದ್ದ ಚೀಟಿ ನೋಡಿದ. ತಿರುಗಿಸಿ ಹಿಂಬದಿಯನ್ನೂ ನೋಡಿದ.

"ಅವರೆಲ್ಲರ ಫೋನ್ ನಂಬರ್ ಇದೆಯೇನಮ್ಮ ನಿನ್ನ ಹತ್ರ?" ಎಂದು ಕೇಳಿದ.