ಮುತ್ತಕ್ಕನನ್ನು ಹಾರಿಸದ ಪ್ರೋಗ್ರಾಂ

ಲಾಯಿಲದ ಸಾತ್ವಿಕಾ ಮೂಡುಬಿದಿರೆಯ ಕಾಲೇಜೊಂದರಲ್ಲಿ ಕಂಪ್ಯೂಟರ್ ಕಲಿಸುತ್ತಾಳೆ. ಕುಟುಂಬದವರ ಲೆಕ್ಕದಲ್ಲಿ ಅದರರ್ಥ ಆಧಾರ್ ತಿದ್ದುವುದು, ರೈಲು ಟಿಕೆಟ್ ಮಾಡುವುದು, ಮದುವೆ ಕಾಗದಕ್ಕೆ ಚಂದದ ಗಣಪತಿ ಹುಡುಕುವುದು. ಹಾಗಾಗಿ ಅಳದಂಗಡಿಯ ತರವಾಡು ಮನೆಯ, ಅಂದರೆ ಕುಟುಂಬದ ಮೂಲಮನೆಯ, ಜೀರ್ಣೋದ್ಧಾರಕ್ಕೆ ವಂಶವೃಕ್ಷದ ಪುಸ್ತಕ ತರಬೇಕೆಂದಾಗ ಸೋದರಮಾವ ರಮಾನಾಥ ಶೆಟ್ಟರು ಅವಳನ್ನೇ ಹಿಡಿದರು. ದುಬೈಯಲ್ಲಿ ಹೋಟೆಲು ನಡೆಸಿ ಊರವರ ಹಸಿವು ತಣಿಸಿ ಬಂದ ಶೆಟ್ಟರಿಗೆ ಈಗ ವಂಶದ ಹಸಿವು.

"ಬುಡದಲ್ಲಿ ನನ್ನ ಹೆಸರು ಹಾಕು," ಎಂದರು. ವಿನಯವಂತರು.

ಕೆಲಸ ಕಷ್ಟದ್ದಲ್ಲ. ಒಬ್ಬೊಬ್ಬರಿಗೆ ಎರಡೇ ಕೊಂಬೆ: ಅಮ್ಮ, ಅಪ್ಪ. ಪ್ರೋಗ್ರಾಂ ಒಬ್ಬರ ಹೆಸರನ್ನು ಫೈಲಿಗೆ ಬರೆದು, ಅವರ ಅಮ್ಮನ ಬಳಿ ಹೋಗಿ ಅದನ್ನೇ ಮಾಡುತ್ತದೆ. ಆ ಅಮ್ಮನ ಅಮ್ಮನ ಬಳಿಯೂ ಅದನ್ನೇ. ಇನ್ನು ಮೇಲೆ ಯಾರೂ ಇಲ್ಲವೆಂದಾಗ ಹಿಂದಿರುಗಿ ಅಪ್ಪನ ಕೊಂಬೆ ಹತ್ತುತ್ತದೆ.

"ಮುತ್ತಕ್ಕನ ಹೆಸರು ಮಾತ್ರ ಬೇಡ," ಎಂದರು ಮಾವ.

ಮುತ್ತಕ್ಕ ಮಾವನ ಅಮ್ಮನ ಅಮ್ಮ. ಭೂಸುಧಾರಣೆಯ ಕಾಲದಲ್ಲಿ ನ್ಯಾಯಮಂಡಳಿಯ ಎದುರು, "ಈ ಗದ್ದೆ ಉತ್ತದ್ದು ಒಕ್ಕಲಿನವರು, ನಾವಲ್ಲ" ಎಂದುಬಿಟ್ಟವಳು. ಗದ್ದೆ ಅವರ ಪಾಲಾಯಿತು. ಸತ್ಯ ಹೇಳಿದ ಘೋರ ಅಪರಾಧಕ್ಕೆ ಕುಟುಂಬ ಅವಳ ಹೆಸರೆತ್ತುವುದನ್ನೇ ಬಿಟ್ಟಿತ್ತು. ಸಾತ್ವಿಕಾಳ ಅಮ್ಮನನ್ನು ಎತ್ತಿ ಆಡಿಸಿ ಬೆಳೆಸಿದವಳೂ ಅವಳೇ. ಆ ಹೆಸರನ್ನು ತಾನೇ ಅಳಿಸುವುದು ಸಾತ್ವಿಕಾಳಿಗೆ ಇಷ್ಟವಿರಲಿಲ್ಲ. ಆದರೂ ವಾದಿಸಲಿಲ್ಲ. ಹೇಳಿದಂತೆಯೇ ಆ ಜಾಗ ಖಾಲಿ ಬಿಟ್ಟು ಪ್ರತಿ ಕಳಿಸಿದಳು.

ಮಾವ ಫೋನಿನಲ್ಲಿ ಕಿರುಚಿದರು. "ಇದೆಂಥದು ಮಾರಾಯ್ತಿ! ನಮ್ಮ ಗುತ್ತಿನ ಮನೆತನದವರು ಎಲ್ಲಿ? ಬರೀ ಅಪ್ಪಂದಿರ ಕಡೆಯವರೇ ಉಂಟಲ್ಲ!"

"ಖಾಲಿ ಸಿಕ್ಕಿದಲ್ಲಿಂದ ಪ್ರೋಗ್ರಾಂ ವಾಪಸ್ ಬರ್ತದೆ ಮಾವ. ನಮ್ಮದು ಅಳಿಯಸಂತಾನ ಅಲ್ವಾ, ವಂಶ ಅಮ್ಮನ ಕಡೆಯಿಂದ? ಗುತ್ತಿನವರ ಹತ್ರ ಹೋಗುವ ದಾರಿ ಮುತ್ತಕ್ಕನ ಮೇಲಿಂದಲೇ."

"ಅವಳನ್ನು ಹಾರಿಸು. ಅವಳ ಅಮ್ಮನಿಗೆ ನೇರ ಜೋಡಿಸು."

"ಜೋಡಿಸುವ. ಆಗ ಆ ಅಜ್ಜಿ ನಿಮ್ಮ ಅಮ್ಮನನ್ನು ಐವತ್ತೈದನೇ ವಯಸ್ಸಿನಲ್ಲಿ ಹೆತ್ತ ಹಾಗೆ ಆಗ್ತದೆ. ಇಸವಿ ಪ್ರಿಂಟ್ ಆಗ್ತದೆ ಮಾವ, ಬೀಗರು ಓದ್ತಾರೆ."

ಫೋನು ಕಟ್ಟಾಯಿತು. ಮರುದಿನ ಮಾವನಿಗೆ ಜ್ಞಾನೋದಯ.

"ಹೆಸರು ಹಾಕು. ಎದುರು 'ಭೂದಾನಿ ಮಹಾಮಾತೆ' ಅಂತ ಸೇರಿಸು."

ದಾನವಂತೆ! ಕಾನೂನು ತಮ್ಮ ಕೈಯಿಂದ ಬಿಡಿಸಿಕೊಂಡದ್ದನ್ನು ಕೊಟ್ಟೆವೆಂದು ಹೇಳಿಕೊಳ್ಳುವ ಉದಾರಿಗಳಿಗೆ ನಮ್ಮಲ್ಲೇನು ಬರವೇ?

"ಹೆಸರು, ಇಸವಿ ಅಷ್ಟೇ ಮಾವ. ಬೇರೆ ವಿಷಯ ಬರೆಯುವುದಾದ್ರೆ ಮುತ್ತಕ್ಕ ನ್ಯಾಯಮಂಡಳಿಯಲ್ಲಿ ಹೇಳಿದ್ದನ್ನೇ ಬರೀತೇನೆ."

"ಬೇಡ ಬೇಡ, ಹೆಸರೇ ಸಾಕು."

ಜೀರ್ಣೋದ್ಧಾರದ ದಿನ ಶೆಟ್ಟರು ಮೈಕು ಹಿಡಿದು ಮುತ್ತಕ್ಕನ ದಾನಗುಣವನ್ನು ಕೊಂಡಾಡಿದರು, ಕಣ್ಣನ್ನೂ ಒರೆಸಿಕೊಂಡರು. ಸಾತ್ವಿಕಾ ಪುಸ್ತಕ ತೆರೆದು ಅಮ್ಮನ ಮಡಿಲಲ್ಲಿಟ್ಟಳು. ಅಮ್ಮ ಮೈಕಿನ ಕಡೆ ತಲೆಯೆತ್ತಲಿಲ್ಲ. ಆ ಹೆಸರಿನ ಮೇಲೆ ಬೆರಳಿಟ್ಟಳು.

"ಅಜ್ಜಿ ಬಂದ್ರು," ಎಂದಳು. "ಇನ್ನು ಊಟಕ್ಕೆ ಹೋಗುವ."