ಪಕ್ಕೆಲುಬು ಹೇಳಿದ ಸತ್ಯ

ಮೆಣಸಿನಕಾಯಿ ಘಾಟಿಗೆ ಹದಿನೈದು ದಿನ ಕೆಮ್ಮಿ ಕೆಮ್ಮಿ, ಒಂದು ಮುಂಜಾನೆ ಎಡಪಕ್ಕೆಯಲ್ಲಿ ಏನೋ ಹರಿದಂತಾಯಿತು. ಅಂದಿನಿಂದ ಕೆಮ್ಮಿದಾಗೆಲ್ಲ ಅಲ್ಲಿ ನಿಂಬೆಹಣ್ಣಿನಷ್ಟು ಗಂಟು ಏಳುವುದು, ಕೆಮ್ಮು ನಿಂತರೆ ಇಳಿಯುವುದು.

ಬ್ಯಾಡಗಿಯ ನನ್ನ ಅಂಗಡಿ ಮುಚ್ಚಿ ಹಾವೇರಿಗೆ ಹೋದೆ. ಆಸ್ಪತ್ರೆಯ ಬೆಂಚಿನ ಮೇಲೆ ಕೂರಲಾಗದೆ, ಪಕ್ಕೆ ಒತ್ತಿಕೊಂಡು ಅತ್ತಿಂದಿತ್ತ ತಿರುಗಾಡಿದೆ. ಒಳಗೆ ಕರೆದಾಗ ಸರ್ಜನ್ ಆಗಷ್ಟೇ ತೆಗೆದ ನನ್ನ ಸ್ಕ್ಯಾನ್ ನೋಡುತ್ತಿದ್ದರು.

"ಇದೂ ಹರ್ನಿಯಾನ ರೀ. ಕೆಮ್ಮಿನ ಹೊಡತಕ್ಕ ಪಕ್ಕೆಲುಬಿನ ನಡುವಿನ ಸ್ನಾಯು ಹರದೈತಿ, ಅಲ್ಲಿಂದ ಶ್ವಾಸಕೋಶ ಹೊರಗ ಇಣುಕಾಕತ್ತೈತಿ. ಜಾಳಿಗಿ ಇಟ್ಟು ಹೊಲೀಬೇಕು. ಭಾಳ ಅಪರೂಪ."

ಅಪರೂಪ ಅಂದದ್ದಕ್ಕೆ ಇನ್ನಷ್ಟು ಹೆದರಿದೆ.

"ಏನ್ ಕೆಲಸ ಮಾಡ್ತೀರಿ?"

"ಮೆಣಸಿನಕಾಯಿ ವ್ಯಾಪಾರ ರೀ. ಅಸಲಿ ಬ್ಯಾಡಗಿ ಬಿಟ್ರ ಬ್ಯಾರೆ ಮುಟ್ಟೂದಿಲ್ಲ." ಗಿರಾಕಿಗಳಿಗೆ ಹೇಳಿ ಹೇಳಿ ಬಾಯಿಪಾಠವಾದ ಮಾತು.

ಅವರು ಪೆನ್ನು ಕೆಳಗಿಟ್ಟರು. "ನಮ್ಮೂರು ಹಲಗೇರಿ. ನಮ್ಮ ಹೊಲದಾಗೂ ಅದನ್ನ ಬೆಳೀತೇವಿ. ಬ್ಯಾಡಗಿಗೆ ಬಣ್ಣ ಜಾಸ್ತಿ, ಖಾರ ಕಡಿಮಿ. ಸ್ನಾಯು ಹರಿಯೂವಂಗ ಕೆಮ್ಮಸೂದು ಅದಲ್ಲ. ಆ ಖಾರದ ಗುಂಟೂರು ಕಾಯಿ ಎಷ್ಟು ಕೂಡಸ್ತೀರಿ?"

"ಛೆ, ಇಲ್ಲ ರೀ," ಅಂದೆ.

"ಖರೇ ಹೇಳ್ರಿ. ಮತ್ತ ಅದ ಘಾಟಿನ್ಯಾಗ ನಿಂತ್ರ ನನ್ನ ಹೊಲಿಗಿ ಉಳಿಯೂದಿಲ್ಲ."

"ಅರ್ಧಕ್ಕರ್ಧ ರೀ," ಅಂದೆ. "ಮಂದಿ ನೋಡಬಾರದಂತ ಗೋದಾಮಿನ ಬಾಗಲಾ ಹಾಕ್ಕೊಂಡು ಕೂಡಸ್ತಿದ್ದೆ."

"ಅದಕ್ಕ ಘಾಟು ಪೂರಾ ನಿಮಗ ಸಿಕ್ಕೈತಿ," ಅಂದವರೇ ಆಪರೇಷನ್ನಿಗೆ ದಿನ ಬರೆದುಕೊಟ್ಟರು.

ಹೊಲಿಗೆ ಗಟ್ಟಿಯಾಗಿದೆ. ಈಗ ಅಂಗಡಿಯಲ್ಲಿ ಅಸಲಿ ಬ್ಯಾಡಗಿ ಬಿಟ್ಟು ಬೇರೆ ಇಲ್ಲ. ಇಂಥ ಪ್ರಾಮಾಣಿಕ ಮನುಷ್ಯ ಸಿಗುವುದಿಲ್ಲ ಅನ್ನುತ್ತಾರೆ ಗಿರಾಕಿಗಳು. ಇದು ಡಾಕ್ಟರು ಹೇಳಿದ ಪಥ್ಯ ಅನ್ನುವುದನ್ನು ನಾನು ಬಾಯಿ ಬಿಡುವುದಿಲ್ಲ.