ಮೈಕ್ರಾನ್ ಮಾವನ ಪಾಲಿಶ್ ಡಬ್ಬಿ

ನನ್ನ ಸೋದರಮಾವನಿಗೆ ಬೀದಿಯವರು ಇಟ್ಟ ಹೆಸರು ಮೈಕ್ರಾನ್ ಮಾವ. ಮದುವೆಗೆ ಮುಂಚೆ ಅತ್ತೆಗೆ ಉಂಗುರ ತಂದಾಗ, ತೊಡಿಸುವ ಮೊದಲು ಜೇಬಿನಿಂದ, ಕೂದಲೆಳೆಯ ದಪ್ಪವನ್ನೂ ಅಳೆಯುವ ಮೈಕ್ರೋಮೀಟರ್ ತೆಗೆದು ಬೆರಳನ್ನು ಅಳೆದವನು ಅವನು. ಅತ್ತೆ ಅದನ್ನು ಮರೆತಿಲ್ಲ, ಅವನಿಗೆ ಮರೆಯಲು ಬಿಟ್ಟೂ ಇಲ್ಲ.

ಅವನದು ಎರಡು ಲೇತ್‌ಗಳ ವರ್ಕ್‌ಶಾಪ್. ಪಂಪಿನ ತೂತಿನೊಳಗೆ ಬಿಗಿಯಾಗಿ ಕೂರುವ, ಬಳೆಯಂಥ ಹಿತ್ತಾಳೆ ಬುಷ್‌ಗಳನ್ನು ಒಂದು ಕಾರ್ಖಾನೆಗೆ ಮಾಡಿಕೊಡುತ್ತಾನೆ. ಪ್ಯಾಕಿಂಗ್ ಮೇಜು ಅತ್ತೆಯದು. ಬುಷ್ ಸಡಿಲ ಎಂದು ಕಾರ್ಖಾನೆಯವರು ಗೊಣಗಿದಾಗಲೆಲ್ಲ ಮಾವ, “ನಿಮ್ಮ ತೂತೇ ದೊಡ್ಡದಾಗಿದೆ” ಎನ್ನುತ್ತಿದ್ದ. ಕೊನೆಗೆ ಅವರು, ಗುಣಮಟ್ಟ ನಿರ್ವಹಣೆಯ ಐಎಸ್‌ಒ ಸರ್ಟಿಫಿಕೇಟ್ ತಂದರೆ ಮಾತ್ರ ಮುಂದಿನ ಆರ್ಡರ್ ಎಂದರು. ಆರ್ಡರ್ ಹೋದರೆ ಒಂದು ಲೇತ್‌ಗೆ ಮುಸುಕು ಹಾಕಬೇಕಿತ್ತು.

ಸರ್ಟಿಫಿಕೇಟ್ ಕೊಡುವವರಲ್ಲಿ ಮೊದಲು ಸಿಕ್ಕಿದವನು ಫೋನಿನಲ್ಲೇ ಸಿಕ್ಕಿದ.

“ವಿಳಾಸ ಕಳಿಸಿ ಸಾರ್, ಶುಕ್ರವಾರ ಸರ್ಟಿಫಿಕೇಟ್ ಕೈಲಿರುತ್ತೆ.”

“ವರ್ಕ್‌ಶಾಪ್ ನೋಡಲ್ವಾ?”

“ಫೋಟೋ ಸಾಕು ಸಾರ್.”

“ಸರಿ, ನಿಮ್ಮ ಕೆಲಸ ಸರಿಯಿದೆ ಅಂತ ಯಾರು ನೋಡ್ತಾರೆ?”

“ನಾವೇ ಸಾರ್. ನಾವು ತುಂಬಾ ಸ್ಟ್ರಿಕ್ಟು!”

ಮಾವ ಫೋನ್ ಇಟ್ಟ. ಆ ಫೋನಿನವನ ಸಂಸ್ಥೆಗೆ ಮಾನ್ಯತೆ ಇರಲಿಲ್ಲ. ಮಾನ್ಯತೆ ಇಲ್ಲದ ಸಂಸ್ಥೆಗಳೆಲ್ಲ ಮೋಸದವೆಂದಲ್ಲ. ಆದರೆ ಅವು ಹೇಗೆ ಪರೀಕ್ಷಿಸುತ್ತವೆ ಎಂಬುದನ್ನು, ಇಂಥ ಸಂಸ್ಥೆಗಳ ಮೇಲೆಯೇ ಕಣ್ಣಿಡುವ ಮಾನ್ಯತಾ ಮಂಡಳಿ ಪರಿಶೀಲಿಸಿರುವುದಿಲ್ಲ. ಮಾನ್ಯತೆ ಪಡೆದವು ಆ ಪರಿಶೀಲನೆಗೆ ಆಗಾಗ ಒಳಗಾಗುತ್ತಲೇ ಇರಬೇಕು. ಮಾವ ತಡವಾದರೂ ಅಂಥದ್ದನ್ನೇ ಆರಿಸಿದ. “ಅಳೆಯೋನನ್ನೂ ಯಾರಾದ್ರೂ ಅಳೀಬೇಕು ಕಣೇ” ಎಂದು ಅತ್ತೆಗೆ ವಾರವಿಡೀ ಉಪದೇಶ ಮಾಡಿದ.

ಆ ಸಂಸ್ಥೆಯಿಂದ ಆಡಿಟರ್ ಬಂದರು, ಮೆಲುದನಿಯ ಹೆಂಗಸು. ಎಲ್ಲ ಮೈಕ್ರೋಮೀಟರ್‌ಗಳನ್ನೂ ಯಾವುದಕ್ಕೆ ಹೋಲಿಸಿ ಸರಿಪಡಿಸುತ್ತೀರಿ ಎಂದು ಕೇಳಿದರು. ಮಾವ ಮಖಮಲ್ಲಿನ ಪೆಟ್ಟಿಗೆಯಿಂದ ತನ್ನಪ್ಪನ ಕಾಲದ ಉಕ್ಕಿನ ಅಳತೆ ಬಿಲ್ಲೆಯನ್ನು ಮಗುವಿನಂತೆ ಎತ್ತಿಕೊಂಡು ಬಂದ. ಕನ್ನಡಿಯ ಹಾಗೆ ಹೊಳೆಯುತ್ತಿತ್ತು.

“ಇದನ್ನ ಲ್ಯಾಬಿನಲ್ಲಿ ಯಾವಾಗ ಅಳೆಸಿದ್ರಿ?”

“ಇದನ್ನಾ? ಇದರಿಂದಲೇ ಮೇಡಂ ಎಲ್ಲಾನೂ ಅಳೆಯೋದು!”

ಪ್ಯಾಕಿಂಗ್ ಮೇಜಿನಿಂದ ಅತ್ತೆ ಹೇಳಿದಳು: “ನಾವೂ ತುಂಬಾ ಸ್ಟ್ರಿಕ್ಟು ಮೇಡಂ.”

ಆಡಿಟರ್ ನಗಲಿಲ್ಲ, ಪೆನ್ನಿನ ಕ್ಯಾಪ್ ಮಾತ್ರ ಕಚ್ಚಿಕೊಂಡರು. ಬಿಲ್ಲೆ ಲ್ಯಾಬಿಗೆ ಹೋಗಿ ಬರುವವರೆಗೆ ಸರ್ಟಿಫಿಕೇಟ್ ಇಲ್ಲ ಎಂದಾಯಿತು.

ಲ್ಯಾಬಿನವರು ಬಿಲ್ಲೆ ಸವೆದಿದೆ ಎಂದರು. ಸವೆಸಿದವನು ಮಾವನೇ. ಭಾನುವಾರ ಭಾನುವಾರ, ಮನೆಯಲ್ಲಿ ಒಂದು ಲೋಟವನ್ನೂ ತೊಳೆಯದವನು, ಅದನ್ನು ಪಾಲಿಶ್ ಹಚ್ಚಿ ಉಜ್ಜುತ್ತಿದ್ದ. ಬಿಲ್ಲೆ ತೆಳುವಾದಷ್ಟೂ ಅದಕ್ಕೆ ಹೋಲಿಸಿದ ಮೈಕ್ರೋಮೀಟರ್‌ಗಳ ಅಳತೆ ತಪ್ಪಿ, ಬುಷ್ ಕೂಡ ತೆಳುವಾಗಿತ್ತು.

ಮಾವ ತಾನೇ ಕಾರ್ಖಾನೆಗೆ ಫೋನ್ ಮಾಡಿದ. “ತೂತು ಸರಿಯಾಗೇ ಇದೆ. ಬುಷ್ಷೇ ಸಡಿಲ. ಬದಲಾಯಿಸಿ ಕೊಡ್ತೀನಿ.”

ಆ ಕಡೆಯಿಂದ ದೊಡ್ಡ ನಗು ಕೇಳಿಸಿತು. “ಇಷ್ಟು ಸಾಕು ಯಜಮಾನ್ರೇ. ಸರ್ಟಿಫಿಕೇಟ್ ಬರೋವರೆಗೂ ಕಾಯ್ತೀವಿ.”

ಲ್ಯಾಬಿನಲ್ಲಿ ಅಳೆಸಿದ ಹೊಸ ಬಿಲ್ಲೆ ತಂದ ಮೇಲೆ ಅದು ಬಂತು. ಎರಡೂ ಲೇತ್ ಓಡುತ್ತಿವೆ. ಗೋಡೆಗೆ ಸರ್ಟಿಫಿಕೇಟಿನ ಚೌಕಟ್ಟು ನೇತುಹಾಕಿದ ದಿನ ಮಾವ ಬಟ್ಟೆ, ಪಾಲಿಶ್ ಡಬ್ಬಿ ಹಿಡಿದು ಅದರ ಮುಂದೆ ನಿಂತ.

“ರೀ, ಗಾಜು ಒರೆಸಿ ಸಾಕು,” ಎಂದಳು ಅತ್ತೆ. “ಆ ಡಬ್ಬಿ ಇಲ್ಲಿ ಕೊಡಿ, ಮನೆ ನಲ್ಲಿ ಉಜ್ಜೋಕೆ ಬೇಕು.”